ನನ್ನದೇನು ದೊಡ್ಡದಲ್ಲ ಬಿಡಿ

ಕೋವಿಡ್ ಶುರುವಾದ ವರ್ಷ ನಾನು ಫೋನಿನಲ್ಲಿ ಸಮೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಪರಿಚಯವೇ ಇಲ್ಲದವರಿಗೆ ಫೋನ್ ಮಾಡುವುದು, ಅವರು ಒಪ್ಪಿದರೆ ಹತ್ತು ಪ್ರಶ್ನೆ ಓದುವುದು, ಉತ್ತರ ಗುರುತು ಮಾಡಿಕೊಳ್ಳುವುದು. ನಾನು ಡಾಕ್ಟರೂ ಅಲ್ಲ, ಆಪ್ತಸಮಾಲೋಚಕಿಯೂ ಅಲ್ಲ. ಆದರೂ ಆ ಉತ್ತರಗಳ ಬೆನ್ನಿಗೇ ಬರುತ್ತಿದ್ದ ಒಂದು ಮಾತಿನ ಬಗ್ಗೆ ಬರೆಯಲೇಬೇಕು ಅಂತ ಬಹಳ ಕಾಲದಿಂದ ಅನಿಸುತ್ತಿದೆ. "ನನ್ನದೇನು ದೊಡ್ಡದಲ್ಲ ಬಿಡಿ ಮೇಡಂ. ಬೇರೆಯವರ ಪಾಡು ನೋಡಿದರೆ ನಾವೇ ವಾಸಿ."

ಆ ಹತ್ತು ಪ್ರಶ್ನೆಗಳ ಪಟ್ಟಿಗೆ ಕೆ-10 ಅಂತ ಹೆಸರು. ಅಮೆರಿಕದ ಸಂಶೋಧಕ ರೊನಾಲ್ಡ್ ಕೆಸ್ಲರ್ ಮತ್ತು ಅವರ ಜೊತೆಗಾರರು ಮಾಡಿದ್ದು. ನಿಮಗೆ ಯಾವ ಕಾಯಿಲೆ ಇದೆ ಅಂತ ಅದು ಹೇಳುವುದಿಲ್ಲ. ಕಳೆದ 30 ದಿನಗಳಲ್ಲಿ ಮನಸ್ಸಿಗೆ ಎಷ್ಟು ಸಂಕಟವಾಗಿದೆ ಅಂತ ಅಳೆಯುತ್ತದೆ, ಅಷ್ಟೆ. ಸುಸ್ತು, ಆತಂಕ, ಚಡಪಡಿಕೆ, ಎಲ್ಲ ಭರವಸೆ ಹೋದಂತಾಗುವುದು, ಯಾವ ಕೆಲಸ ಮಾಡಲೂ ಹೆಣಗಬೇಕಾಗುವುದು, ನಾನು ಯಾತಕ್ಕೂ ಬಾರದವರು ಅನಿಸುವುದು, ಹೀಗೆ. ಪ್ರತಿಯೊಂದಕ್ಕೂ 'ಯಾವತ್ತೂ ಇಲ್ಲ' ಎಂಬುದರಿಂದ 'ಯಾವಾಗಲೂ' ಎಂಬುದರವರೆಗೆ ಐದು ಉತ್ತರ. ಒಂದರಿಂದ ಐದು ಅಂಕ. ಒಟ್ಟು 10ರಿಂದ 50ರೊಳಗೆ ಬರುತ್ತದೆ. ಆಸ್ಟ್ರೇಲಿಯಾದ ಸಮೀಕ್ಷೆಗಳಲ್ಲಿ 30 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಂಕಟ ತುಂಬಾ ಹೆಚ್ಚಿದೆ ಅಂತ ಲೆಕ್ಕ.

ಮೊದಲನೇ ಪ್ರಶ್ನೆಯಲ್ಲೇ ತುಂಬಾ ಜನ ನನ್ನನ್ನು ನಿಲ್ಲಿಸುತ್ತಿದ್ದರು. ಸರಿಯಾದ ಕಾರಣ ಇಲ್ಲದೆಯೂ ತೀರಾ ಸುಸ್ತಾಗಿದೆ ಅನಿಸಿದ್ದುಂಟೇ ಅಂತ ಆ ಪ್ರಶ್ನೆ. "ಕಾರಣ ಇದೆಯಲ್ಲಮ್ಮ, ಮತ್ತೆ ಹೇಗೆ ಉತ್ತರ ಕೊಡಲಿ?" ಅಂತ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ಆದರೆ ಸಮೀಕ್ಷೆಯಲ್ಲಿ ವಿವರಿಸಲು ಬಿಡುವುದಿಲ್ಲ. ಪ್ರಶ್ನೆಯನ್ನು ಇದ್ದ ಹಾಗೇ ಇನ್ನೊಂದು ಸಲ ಓದಬೇಕು. ಓದುತ್ತಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮನಸ್ಸಿನಲ್ಲಿ ಬಂದದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಉತ್ತರ ಕೊಡುತ್ತಿದ್ದರು. ಇದು ನನ್ನ ಅನಿಸಿಕೆ, ಸಾಬೀತು ಮಾಡಲಾರೆ. ಆದರೆ "ಯಾವಾಗಲೂ... ಬೇಡ, ಕೆಲವು ಸಲ ಅಂತ ಹಾಕಿ" ಎಂಬ ಮಾತನ್ನು ಬೇರೆ ಬೇರೆ ದನಿಗಳಲ್ಲಿ ಕೇಳಿದವರಿಗೆ ಹಾಗೆ ಅನಿಸದೇ ಇರುವುದಿಲ್ಲ.

ಯಾಕೆ ಒಂದು ಮೆಟ್ಟಿಲು ಕೆಳಗೆ? ಪ್ರತಿಯೊಬ್ಬರಿಗೂ ತಮಗಿಂತ ಹೆಚ್ಚು ಕಷ್ಟದಲ್ಲಿರುವವರು ಕಾಣುತ್ತಿದ್ದರು. ಮನೆಯಲ್ಲೇ ಕೂತು ಕೆಲಸ ಮಾಡುವವರು ಕೆಲಸ ಕಳೆದುಕೊಂಡವರನ್ನು ತೋರಿಸುತ್ತಿದ್ದರು. ಕೆಲಸ ಕಳೆದುಕೊಂಡವರು ಆಸ್ಪತ್ರೆಯಲ್ಲಿರುವವರನ್ನು. ಆಸ್ಪತ್ರೆಯಿಂದ ಬಂದವರು, ಬರದೇ ಹೋದವರನ್ನು. ತಾಯಿಯನ್ನು ಕಳೆದುಕೊಂಡ ಒಬ್ಬರು, ಕೊನೆಗೆ ಮುಖ ನೋಡಲೂ ಆಗಲಿಲ್ಲ ಅಂದವರು, ಅದೇ ಉಸಿರಿನಲ್ಲಿ "ಕೆಲವು ಮನೆಗಳಲ್ಲಿ ಇಬ್ಬರು ಮೂವರು ಹೋಗಿದ್ದಾರೆ, ನಾನು ಅಳಬಾರದು" ಅಂದರು. ಆ ದಿನ ಮುಂದಿನ ನಂಬರ್ ಒತ್ತಲು ನನಗೆ ತುಂಬಾ ಹೊತ್ತು ಬೇಕಾಯಿತು.

ಬೇರೆಯವರ ಕಷ್ಟ ಕಾಣುವುದು ಒಳ್ಳೆಯ ಗುಣವೇ. ಆದರೆ ಅದನ್ನೇ ನೆಪ ಮಾಡಿಕೊಂಡು ತಮ್ಮ ಸಂಕಟಕ್ಕೆ ಬಾಯಿ ಮುಚ್ಚಿಸುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಪಕ್ಕದವನ ಕಾಲು ಮುರಿದಿದೆ ಅಂತ ನನ್ನ ಹಲ್ಲುನೋವು ನಿಲ್ಲುವುದಿಲ್ಲ ಅಲ್ವಾ?

ಇದು ಒಬ್ಬಿಬ್ಬರ ದುರ್ಬಲತೆ ಆಗಿರಲಿಲ್ಲ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಾಗತಿಕ ಸಾಂಕ್ರಾಮಿಕ ಅಂತ ಹೇಳಿತು. ಮುಂದಿನ ತಿಂಗಳು ಅಮೆರಿಕದಲ್ಲಿ ಇದೇ ಪಟ್ಟಿಯ ಆರು ಪ್ರಶ್ನೆಗಳ ಚಿಕ್ಕ ರೂಪ ಬಳಸಿ ವಯಸ್ಕರನ್ನು ಕೇಳಿದಾಗ, ತೀವ್ರ ಸಂಕಟದಲ್ಲಿದ್ದವರು ಶೇ. 13.6. 2018ರಲ್ಲಿ ಆ ಸಂಖ್ಯೆ ಶೇ. 3.9 ಇತ್ತು. ಬ್ರಿಟನ್ನಿನಲ್ಲಿ ಬೇರೆ ಪ್ರಶ್ನಾವಳಿ, ಬೇರೆ ಅಳತೆ. ಆದರೆ ಅಲ್ಲೂ ಅದೇ ಏರಿಕೆ: ಮೊದಲು ಶೇ. 18.9 ಇದ್ದದ್ದು 2020ರ ಏಪ್ರಿಲ್ ಹೊತ್ತಿಗೆ ಶೇ. 27.3. ಮೊದಲ ಒಂದು ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆಯ ಕಾಯಿಲೆಗಳು ಸುಮಾರು ಶೇ. 25ರಷ್ಟು ಹೆಚ್ಚಾದವು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಇಷ್ಟೊಂದು ಜನ ಒಂದೇ ಸಲಕ್ಕೆ ಮನೋಬಲ ಕಳೆದುಕೊಂಡರು ಅಂತ ಯಾರಾದರೂ ಅಂದರೆ ನಾನು ನಂಬುವುದಿಲ್ಲ. ಬದುಕೇ ಅಲುಗಾಡಿತ್ತು. ಮನಸ್ಸೂ ಅಲುಗಾಡಿತು.

ಅಂಕಿಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ವಯಸ್ಸು. ಸೋಂಕಿನಿಂದ ಸಾಯುವ ಅಪಾಯ ವಯಸ್ಸಾದವರಿಗೆ ಹೆಚ್ಚು. ಸಂಕಟ ಹೆಚ್ಚಿದ್ದು ಮಾತ್ರ ಚಿಕ್ಕ ವಯಸ್ಸಿನವರಲ್ಲಿ. ಅಮೆರಿಕದ ಅದೇ ಸಮೀಕ್ಷೆಯಲ್ಲಿ 18ರಿಂದ 29 ವರ್ಷದವರಲ್ಲಿ ತೀವ್ರ ಸಂಕಟ ಇದ್ದವರು ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. ಬ್ರಿಟನ್ನಿನಲ್ಲೂ ಯುವಜನರು, ಹೆಂಗಸರು, ಮನೆಯಲ್ಲಿ ಪುಟ್ಟ ಮಕ್ಕಳಿದ್ದವರು ಹೆಚ್ಚು ಕುಗ್ಗಿದರು. ಫೋನಿನಲ್ಲೂ ನನಗೆ ಹಾಗೇ ಕೇಳಿಸುತ್ತಿತ್ತು. ಅಜ್ಜಂದಿರು ನಿಧಾನವಾಗಿ, ಒಂದೊಂದು ಉತ್ತರಕ್ಕೂ ಒಂದು ಕಥೆ ಸೇರಿಸಿ ಮಾತಾಡುತ್ತಿದ್ದರು. ಇಪ್ಪತ್ತರ ಆಸುಪಾಸಿನವರು ಪಟಪಟ ಅಂತ 'ಹೆಚ್ಚಿನ ಹೊತ್ತು', 'ಹೆಚ್ಚಿನ ಹೊತ್ತು' ಅಂದು ಮುಗಿಸುತ್ತಿದ್ದರು. ಓದು ನಿಂತಿತ್ತು, ಸಿಗಬೇಕಾದ ಕೆಲಸ ಕೈತಪ್ಪಿತ್ತು, ಗೆಳೆಯರ ಮುಖ ಪರದೆಯ ಮೇಲಷ್ಟೇ. ಅವರಿಗೆ "ನಿನಗೇನಪ್ಪ ಕಷ್ಟ, ಆರೋಗ್ಯವಾಗಿದ್ದೀಯಲ್ಲ" ಅಂತ ಮನೆಯವರು ಹೇಳುವುದು ಹಿಂದಿನಿಂದ ಕೇಳಿಸಿದ್ದೂ ಉಂಟು.

ಸಂಕಟಕ್ಕೆ ಸೋಂಕಿನ ಹೆದರಿಕೆ ಒಂದೇ ಕಾರಣ ಅಂದುಕೊಂಡರೆ ಅರ್ಧ ಮಾತ್ರ ತಿಳಿದ ಹಾಗೆ. ಹಿಂದಿನ ರೋಗಗಳಲ್ಲಿ ಕ್ವಾರಂಟೈನ್ ಆದವರ ಬಗ್ಗೆ ನಡೆದ 24 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಲೇಖನವೊಂದು 2020ರ ಫೆಬ್ರವರಿಯಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ಮನಸ್ಸನ್ನು ಕೆಡಿಸುವುದು ಏನೇನು ಅಂತ ಅದರಲ್ಲಿ ಇದೆ. ಕ್ವಾರಂಟೈನಿನ ದಿನಗಳು ಉದ್ದವಾಗುವುದು, ಬೇಸರ, ಬೇಕಾದ ಸಾಮಾನು ಸಿಗದಿರುವುದು, ಸರಿಯಾದ ಮಾಹಿತಿ ಸಿಗದಿರುವುದು, ಕೈಯಲ್ಲಿ ದುಡ್ಡಿಲ್ಲದಾಗುವುದು, ಜನ ದೂರ ಇಡುವುದು. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಬಂದಾಗ ಕೆನಡಾದ ಟೊರೊಂಟೊದಲ್ಲಿ ಕ್ವಾರಂಟೈನ್ ಆಗಿದ್ದ 129 ಜನರನ್ನು ಕೇಳಿದ್ದರು. ಅವರಲ್ಲಿ ಶೇ. 31ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಅಂದರೆ ಇದೆಲ್ಲ ಮೊದಲೇ ಗೊತ್ತಿತ್ತು.

ಈ ಪಟ್ಟಿಯಲ್ಲಿ 'ದಿನಗಳು ಉದ್ದವಾಗುವುದು' ಅನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಿರ್ಬಂಧ ಮುಗಿಯುವ ತಾರೀಖು ಹತ್ತಿರ ಬಂದಾಗ ಜನರ ದನಿಯಲ್ಲಿ ಜೀವ ಇರುತ್ತಿತ್ತು. ಆ ತಾರೀಖನ್ನು ಮುಂದಕ್ಕೆ ಹಾಕಿದ ವಾರ ಫೋನ್ ಮಾಡಿದರೆ ಬೇರೆಯೇ ಜನ. ಸಿಟ್ಟೂ ಇರುತ್ತಿರಲಿಲ್ಲ. ಏನೋ ಒಂದು ಹಾಕಿಕೊಳ್ಳಿ ಅನ್ನುವ ಹಾಗೆ ಉತ್ತರ. ಹದಿನೈದು ದಿನ ಅಂದರೆ ಹದಿನೈದು ದಿನ, ಮೂವತ್ತು ಅಂದರೆ ಮೂವತ್ತು, ಮೊದಲೇ ಖಚಿತವಾಗಿ ಹೇಳಿದರೆ ಜನ ತಡೆದುಕೊಳ್ಳುತ್ತಾರೆ. ಕಂತು ಕಂತಾಗಿ ಹೇಳಿದರೆ ಸೋಲುತ್ತಾರೆ. ಮತ್ತೆ ಸಾಂಕ್ರಾಮಿಕ ಬಂದರೆ ಆಳುವವರು ಇದೊಂದನ್ನಾದರೂ ನೆನಪಿಡಲಿ ಅಂತ ನನ್ನ ಆಸೆ. ದುಡ್ಡು, ರೇಷನ್, ಖಚಿತ ಮಾಹಿತಿ: ಇವು ಮನಸ್ಸಿಗೂ ಔಷಧವೇ. ಅದು ಬಿಟ್ಟು "ಪಾಸಿಟಿವ್ ಆಗಿ ಯೋಚಿಸಿ" ಎಂಬ ಮೆಸೇಜ್ ಕಳಿಸಿದರೆ, ಬಾಡಿಗೆ ಕಟ್ಟಲಾಗದವರ ಎದೆ ಹಗುರಾಗುವುದಿಲ್ಲ.

ಇನ್ನೊಂದು ಬದಿಯನ್ನೂ ಹೇಳಬೇಕು. ಎಲ್ಲರೂ ಮಾನಸಿಕ ರೋಗಿಗಳಾದರು ಅನ್ನುವುದೂ ನಿಜವಲ್ಲ. ಅಮೆರಿಕದಲ್ಲಿ ಏಪ್ರಿಲ್‌ನಲ್ಲಿ ಏರಿದ ಸಂಕಟ ಬೇಸಿಗೆಯ ಹೊತ್ತಿಗೆ ಇಳಿದಿತ್ತು ಅಂತ ಒಂದು ದೊಡ್ಡ ಸಮೀಕ್ಷೆ ತೋರಿಸಿತು. 21 ದೇಶಗಳ ಲೆಕ್ಕ ನೋಡಿದಾಗ ಏರಬಹುದು ಅಂತ ಹೆದರಿದ್ದರೂ ಮೊದಲ ತಿಂಗಳುಗಳಲ್ಲಿ ಆತ್ಮಹತ್ಯೆಗಳು ಒಟ್ಟಾರೆ ಏರಿರಲಿಲ್ಲ. ಬ್ರಿಟನ್ನಿನಲ್ಲಿ ಹೆಚ್ಚಿನವರು ಮೊದಲ ಆರು ತಿಂಗಳು ಗಟ್ಟಿಯಾಗಿಯೇ ನಿಂತರು. ಆದರೆ ಒಂಬತ್ತರಲ್ಲಿ ಒಬ್ಬರ ಸ್ಥಿತಿ ಕೆಟ್ಟದಾಗಿಯೇ ಉಳಿಯಿತು, ಇಲ್ಲವೇ ಇನ್ನೂ ಕೆಟ್ಟಿತು. ಮೊದಲೇ ಆರೋಗ್ಯ ಸರಿಯಿಲ್ಲದವರು, ಬಡ ಬಡಾವಣೆಗಳಲ್ಲಿ ಇರುವವರು ಇದರಲ್ಲಿ ಜಾಸ್ತಿ. "ಎಲ್ಲರಿಗೂ ಇದ್ದದ್ದೇ" ಎಂಬ ಮಾತಿನಲ್ಲಿ ಕಳೆದುಹೋಗುವವರು ಈ ಒಬ್ಬರೇ. "ನನ್ನದೇನು ದೊಡ್ಡದಲ್ಲ" ಅನ್ನುವವರಲ್ಲೂ ಇವರು ಇರುತ್ತಾರೆ, ಅದೇ ನನ್ನ ಭಯ.

ನಮ್ಮ ಪಟ್ಟಿಯಲ್ಲಿ ಒಂದು ಪ್ರಶ್ನೆ ಇರಲಿಲ್ಲ. ಇದನ್ನು ಯಾರ ಹತ್ತಿರವಾದರೂ ಹೇಳಿಕೊಂಡಿದ್ದೀರಾ? ನಾನಾಗಿ ಸೇರಿಸುವ ಹಾಗಿರಲಿಲ್ಲ. ಹತ್ತೂ ಮುಗಿದ ಮೇಲೆ, ಅಂಕ ಜಾಸ್ತಿ ಬಂದವರಿಗೆ ಸಹಾಯವಾಣಿಯ ನಂಬರ್ ಓದಿ ಹೇಳಿ, ಫೋನ್ ಇಡಬೇಕು. ಆದರೆ ಆಗಲೇ ಕೆಲವರು ಮಾತು ಶುರು ಮಾಡುತ್ತಿದ್ದರು. "ಇದನ್ನೆಲ್ಲ ಯಾರೂ ಕೇಳಿರಲಿಲ್ಲ ಮೇಡಂ" ಅನ್ನುತ್ತಿದ್ದರು. ನಾನು ಗಡಿಯಾರ ನೋಡದೆ ಕೇಳುತ್ತಿದ್ದೆ. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರೂ ಉತ್ತರ ಕೇಳುತ್ತಿರಲಿಲ್ಲ. ಈಗ ಆ ಪ್ರಶ್ನೆಯನ್ನು ನನ್ನ ತಮ್ಮನಿಗೆ ಕೇಳುತ್ತೇನೆ, ಗೆಳತಿಯರಿಗೆ ಕೇಳುತ್ತೇನೆ. ಹೇಗಿದ್ದೀಯ ಅಂದರೆ ಚೆನ್ನಾಗಿದ್ದೀನಿ ಅಂತ ಮುಗಿದುಹೋಗುತ್ತದೆ. ಈ ತಿಂಗಳು ನಿದ್ದೆ ಹೇಗಿತ್ತು ಅಂದರೆ ಮಾತು ಬರುತ್ತದೆ.

2023ರ ಮೇ 5ಕ್ಕೆ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಅಂತ ಘೋಷಣೆ ಆಯಿತು. ಆಗಿನ ಭಾರ ಇನ್ನೂ ಇಳಿಯದವರು ಇದನ್ನು ಓದುತ್ತಿದ್ದರೆ ಒಂದು ಮಾತು. ದಿನದ ಹೆಚ್ಚು ಹೊತ್ತು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇಂಥದ್ದು ಎರಡು ವಾರ ಬಿಡದೆ ಇದ್ದರೆ ಡಾಕ್ಟರ್ ಹತ್ತಿರ ಹೋಗಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಅಲ್ಲೂ ಹೆಚ್ಚುಕಡಿಮೆ ಇಂಥದ್ದೇ ಪ್ರಶ್ನೆಗಳು: ನಿದ್ದೆ ಹೇಗಿದೆ, ಊಟ ಸೇರುತ್ತಿದೆಯಾ, ಎಷ್ಟು ದಿನದಿಂದ ಹೀಗೆ. 'ಯಾವಾಗಲೂ' ಅಂತ ಬಾಯಿಗೆ ಬಂದರೆ 'ಯಾವಾಗಲೂ' ಅಂತಲೇ ಹೇಳಿ.