ಫೈಬರ್ ಫೆಂಡರಿನ ಪಿನ್‌ಹೋಲ್: ಬಳ್ಳಾರಿ ಶೆಡ್ಡಿನಲ್ಲಿ ಕೆಲಸ ಎಲ್ಲಿಗೆ ಬಂತು

ಮಾರ್ಚ್ ಕೊನೆ

ಮಾವನ ಮಗನ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಈಗ ನಮ್ಮ ಶೆಡ್ಡಿನಲ್ಲಿದೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಲ್ಲಿದ್ದಾಗ ಫಳಫಳ ಅಂತಿತ್ತು. ಬಳ್ಳಾರಿಯಲ್ಲಿ ಒಂದು ಬೇಸಿಗೆ ಕಂಡ ಮೇಲೆ ಹಿಂದಿನ ಎರಡೂ ಫೆಂಡರಿನ, ಅಂದರೆ ಚಕ್ರದ ಮೇಲಿನ ಪ್ಯಾನೆಲ್ಲಿನ, ಅಂಚಿನುದ್ದಕ್ಕೂ ಸೂಜಿಮೊನೆಯಷ್ಟು ತೂತುಗಳು (ಪಿನ್‌ಹೋಲ್) ಎದ್ದಿವೆ. ಬಾನೆಟ್ಟಿನದು ಬೇರೆಯೇ ಕಥೆ. ಸಂಜೆ ಬಿಸಿಲಲ್ಲಿ ಓರೆಯಾಗಿ ನೋಡಿದರೆ ಬಣ್ಣದ ಕೆಳಗಿನ ಕಾರ್ಬನ್ ಬಟ್ಟೆಯ ನೇಯ್ಗೆ ಕಾಣುತ್ತದೆ. ಜೊತೆಗೆ ಒಂದು ಬೋಲ್ಟಿನ ಸುತ್ತ ಗುಳ್ಳೆ.

ಕಾರಿನ ಕಂಪನಿ ಯಾವುದು ಅಂತ ಕೇಳಬೇಡಿ. ಕಾಂಪೋಸಿಟ್ ಬಾಡಿ, ಅಂದರೆ ತಗಡಿನ ಬದಲು ಗಾಜಿನ ಅಥವಾ ಕಾರ್ಬನ್ ಎಳೆಗೆ ರೆಸಿನ್ ಸೇರಿಸಿ ಮಾಡಿದ ಬಾಡಿ, ಇರುವ ಯಾವ ಕಾರಿಗೂ ಇದು ಬರಬಹುದು. 1953ರಲ್ಲಿ ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್ ಮೊದಲ ಸಲ ಬಂದಾಗಲೇ ಅದರ ಬಾಡಿ ಫೈಬರ್‌ಗ್ಲಾಸ್. ಆ ವರ್ಷ ಮಾಡಿದ್ದು 300 ಕಾರು ಮಾತ್ರ. ಅಷ್ಟು ಕಡಿಮೆ ಕಾರಿಗೆ ತಗಡು ಒತ್ತುವ ದುಬಾರಿ ಅಚ್ಚು ಮಾಡಿಸುವುದು ಗಿಟ್ಟುವುದಿಲ್ಲ. ಸ್ಪೋರ್ಟ್ಸ್ ಕಾರಿನವರು ಇವತ್ತಿಗೂ ಫೈಬರ್ ಬಿಡದಿರಲು ತೂಕದ ಜೊತೆಗೆ ಈ ಲೆಕ್ಕವೂ ಕಾರಣ.

ಹಿಂದಿನ ಮಾಲೀಕರು ಫೆಂಡರುಗಳಿಗೆ ಒಮ್ಮೆ ಹೊಸ ಬಣ್ಣ ಹೊಡೆಸಿದ್ದಾರೆ. ಆದರೂ ತೂತು ಎದ್ದಿದ್ದು ಹಳೇ ಜಾಗದಲ್ಲೇ ಅಂತೆ. ಆ ಮಾತಿನಿಂದಲೇ ನನಗೆ ಅನುಮಾನ ಶುರುವಾಯಿತು. ಎಷ್ಟು ದಪ್ಪ ಬಣ್ಣ ಹೊಡೆದಿದ್ದಾರೆ ಅಂತ ನೋಡಲು ಮಾಮೂಲಿ ಪೇಂಟ್ ಗೇಜ್ ಇಟ್ಟರೆ ಅದು ಏನೂ ತೋರಿಸುವುದಿಲ್ಲ. ಅದಕ್ಕೆ ಕೆಳಗೆ ಲೋಹ ಇರಬೇಕು. ಫೈಬರಿಗೆ ಅಲ್ಟ್ರಾಸೋನಿಕ್ ಗೇಜ್ ಬೇಕು, ಅದರ ಬೆಲೆ ಕೇಳಿ ಸುಮ್ಮನಾದೆ. ಅಂಚಿನಲ್ಲಿ ಒಂದಿಷ್ಟು ಜಾಗ ಮೆಟ್ಟಿಲು ಮೆಟ್ಟಿಲಾಗಿ ಉಜ್ಜಿ, ಪದರಗಳನ್ನು ಕಣ್ಣಲ್ಲೇ ನೋಡಿದೆ. ಕ್ಲಿಯರ್ (ಮೇಲಿನ ಪಾರದರ್ಶಕ ಪದರ), ಬಣ್ಣ, ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಲೇಪ), ಮತ್ತೆ ಕ್ಲಿಯರ್, ಬಣ್ಣ, ಪ್ರೈಮರ್.

ಏಪ್ರಿಲ್

ತೂತಿನಲ್ಲಿ ಎರಡು ಜಾತಿ ಇದೆ. ಮೇಲಿಂದ ನೋಡಿದರೆ ಎರಡೂ ಒಂದೇ ಥರ.

ಮೊದಲನೆಯದು ಥಿನ್ನರಿನ ತೂತು. ನಮ್ಮ 40 ಡಿಗ್ರಿ ಸೆಕೆಯಲ್ಲಿ ಬೇಗ ಆರುವ ಥಿನ್ನರ್ ಹಾಕಿ ದಪ್ಪಗೆ ಹೊಡೆದರೆ ಮೇಲಿನ ಪೊರೆ ಮೊದಲು ಮುಚ್ಚಿಕೊಳ್ಳುತ್ತದೆ. ಒಳಗೆ ಉಳಿದ ಥಿನ್ನರ್ ಆಮೇಲೆ ಅದನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಇದು ಸಾಮಾನ್ಯವಾಗಿ ಬಣ್ಣ ದಪ್ಪ ಕೂತ ಕಡೆ ಬರುತ್ತದೆ, ಬಿಸಿಲು ಬೀಳುವ ಮಟ್ಟಸ ಜಾಗದಲ್ಲಿ ಜಾಸ್ತಿ. ಎರಡನೆಯದು ಪ್ಯಾನೆಲ್ಲಿನದೇ ತೂತು. ಇದಕ್ಕೆ ಅಂಚು ಮತ್ತು ಕತ್ತರಿಸಿದ ಜಾಗ ಅಂದರೆ ಇಷ್ಟ.

ಬೇರ್ಪಡಿಸುವುದು ಕಷ್ಟವಿಲ್ಲ. ನುಣುಪಾದ ಉಜ್ಜುಕಾಗದದಲ್ಲಿ ನಿಧಾನ ಉಜ್ಜುತ್ತಾ ಭೂತಗನ್ನಡಿ ಹಿಡಿದು ನೋಡಬೇಕು. ತೂತು ಕ್ಲಿಯರಿನಲ್ಲೋ ಬಣ್ಣದಲ್ಲೋ ಮುಗಿದರೆ ಥಿನ್ನರಿನದು. ಪ್ರೈಮರನ್ನೂ ದಾಟಿ ಫೈಬರಿನೊಳಗೆ ಹೋದರೆ ಪ್ಯಾನೆಲ್ಲಿನದು. ನಮ್ಮ ಫೆಂಡರಿನಲ್ಲಿ ಹೆಚ್ಚೂ ಕಡಿಮೆ ಎಲ್ಲವೂ ತಳದವರೆಗೆ ಹೋಗಿವೆ. ಅಂದರೆ ಮೇಲೆ ಎಷ್ಟೇ ಒಳ್ಳೆಯ ಬಣ್ಣ ಹೊಡೆದರೂ ಅದು ದಂಡ.

ಕಾರಣ ಪ್ಯಾನೆಲ್ ಹುಟ್ಟುವ ರೀತಿಯಲ್ಲೇ ಇದೆ. ಈ ಫೆಂಡರ್ ಎಸ್‌ಎಂಸಿ (ಶೀಟ್ ಮೋಲ್ಡಿಂಗ್ ಕಾಂಪೌಂಡ್). ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಅಂಟು), ತುಂಡು ಗಾಜಿನ ಎಳೆ, ಸುಣ್ಣಕಲ್ಲಿನ ಪುಡಿ ಸೇರಿಸಿದ ಹಾಳೆಯನ್ನು ಸುಮಾರು 150 ಡಿಗ್ರಿ ಬಿಸಿಯ ಅಚ್ಚಿನಲ್ಲಿಟ್ಟು ಪ್ರೆಸ್‌ನಲ್ಲಿ ಒತ್ತುತ್ತಾರೆ. ಈ ರೆಸಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡಾ 7ರ ಆಸುಪಾಸು ಕುಗ್ಗುತ್ತದೆ. ಹಾಗೇ ಬಿಟ್ಟರೆ ಮೇಲ್ಮೈ ಏರುಪೇರಾಗುತ್ತದೆ. ಅದನ್ನು ತಡೆಯಲು ಇನ್ನೊಂದು ಪ್ಲಾಸ್ಟಿಕ್ ಬೆರೆಸುತ್ತಾರೆ. ಅದು ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊಳ್ಳುಗಳನ್ನು ಮಾಡಿ ಕುಗ್ಗಿದ ಜಾಗವನ್ನು ತುಂಬಿಕೊಡುತ್ತದೆ. ತಮಾಷೆ ನೋಡಿ, ಮೇಲ್ಮೈ ನುಣುಪಾಗಲಿ ಅಂತ ಬೇಕೆಂದೇ ಪೊಳ್ಳು ಇಟ್ಟಿದ್ದು. ಇದರ ಜೊತೆಗೆ ಒತ್ತುವಾಗ ಸಿಕ್ಕಿಬಿದ್ದ ಗಾಳಿಯೂ ಇರುತ್ತದೆ. ಅಂಚು ಕತ್ತರಿಸಿದಾಗ ಇವುಗಳ ಬಾಯಿ ತೆರೆದುಕೊಳ್ಳುತ್ತದೆ. ಗಾಳಿ, ತೇವ, ಥಿನ್ನರ್ ಎಲ್ಲವೂ ಒಳಗೆ ಸೇರುತ್ತವೆ. ಬಿಸಿ ತಗುಲಿದಾಗ ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವ ಹಾಗೆ ಒಳಗಿನ ಗಾಳಿ ಹಿಗ್ಗಿ, ಮೆತ್ತಗಿನ ಬಣ್ಣವನ್ನು ಎತ್ತಿ ಒಡೆಯುತ್ತದೆ.

ಕೌಲ್ ಬಜಾರಿನ ಹಳೇ ಪೇಂಟರ್ ಚಾಚಾ ಬಂದು ಉಗುರಿನಿಂದ ಅಂಚು ಕೆರೆದು ನೋಡಿದರು. "ತಮ್ಮಾ, ಇದು ತಗಡಲ್ಲ. ಒಳಗ ಗಾಳಿ ಐತಿ. ಮೊದಲು ಅದನ್ನ ಹೊರಗ ಹಾಕು, ಆಮ್ಯಾಲ ಬಣ್ಣದ ಮಾತು" ಅಂದರು. ನಾನು ಓದಿ ತಿಳಿದಿದ್ದು ಅವರ ಉಗುರಿಗೆ ಮೊದಲೇ ಗೊತ್ತಿತ್ತು.

ಮೇ

ಹಳೇ ಬಣ್ಣ ತೆಗೆಯಲು ಪೇಂಟ್ ರಿಮೂವರ್ ಮುಟ್ಟಲಿಲ್ಲ. ತಗಡಿಗೆ ಹಾಕುವ ರಿಮೂವರ್ ರೆಸಿನನ್ನೂ ಮೆತ್ತಗೆ ಮಾಡುತ್ತದೆ. ಪೂರ್ತಿ ಉಜ್ಜಿಯೇ ತೆಗೆದಿದ್ದು, ಅದೂ ಒಣದಾಗಿ. ಎಳೆ ತೆರೆದುಕೊಂಡ ಮೇಲೆ ನೀರು ಹಾಕಿ ಉಜ್ಜಿದರೆ ಆ ನೀರು ಒಳಗೇ ಸೇರಿ ಕೂರುತ್ತದೆ. ಗಾಜಿನ ಪುಡಿಯ ತುರಿಕೆ ಮಾತ್ರ ದೇವರಿಗೇ ಪ್ರೀತಿ. ಮಾಸ್ಕ್, ತುಂಬು ತೋಳಿನ ಅಂಗಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಆಮೇಲೆ ಬೇಯಿಸುವ ಕೆಲಸ. ಬಣ್ಣ ಹೊಡೆದ ಮೇಲೆ ಪ್ಯಾನೆಲ್ ಎಷ್ಟು ಬಿಸಿ ಕಾಣುತ್ತದೋ, ಅದಕ್ಕಿಂತ ಜಾಸ್ತಿ ಬಿಸಿಯನ್ನು ಬಣ್ಣಕ್ಕೆ ಮೊದಲೇ ತೋರಿಸಿಬಿಡಬೇಕು. ರಿಪೇರಿ ಬೂತಿನಲ್ಲಿ ಬಣ್ಣವನ್ನು 60 ಡಿಗ್ರಿಯಲ್ಲಿ ಒಣಗಿಸುತ್ತಾರೆ. ಆದರೆ ಅಂಗಳದಲ್ಲಿ ನಿಂತ ಕಪ್ಪು ಬಾನೆಟ್ಟಿಗೆ ಮಧ್ಯಾಹ್ನ ಥರ್ಮಾಮೀಟರ್ ಗನ್ ಹಿಡಿದರೆ 70 ದಾಟಿತ್ತು. ಬೆಂಗಳೂರಿನಲ್ಲಿ ಸುಮ್ಮನಿದ್ದ ಪ್ಯಾನೆಲ್ ಇಲ್ಲಿ ಯಾಕೆ ಎದ್ದಿತು ಅನ್ನುವುದಕ್ಕೆ ಬೇರೆ ಉತ್ತರ ಬೇಕಿಲ್ಲ ಅಲ್ವಾ?

80 ಡಿಗ್ರಿ ಸಮನಾಗಿ ಕೊಡುವ ಓವನ್ ಬೇಕಿತ್ತು. ಅದು ಸಿಕ್ಕಿದ್ದು ಜೀನ್ಸ್ ಯೂನಿಟ್ಟಿನಲ್ಲಿ! ಪ್ಯಾಂಟಿನ ಸುಕ್ಕು ನಿಲ್ಲಿಸಲು ರೆಸಿನ್ ಹಚ್ಚಿ 150ರ ಆಸುಪಾಸಿನಲ್ಲಿ ಬೇಯಿಸುವ ಓವನ್ ಒಬ್ಬ ಗೆಳೆಯನ ಹತ್ತಿರ ಇದೆ. ಭಾನುವಾರ ಯೂನಿಟ್ ರಜೆ. ಉರಿ ತಗ್ಗಿಸಿ ಫೆಂಡರುಗಳನ್ನು ಒಳಗೆ ನಿಲ್ಲಿಸಿದೆವು. ಬಿಸಿಗೆ ಸೊಟ್ಟಗಾಗದಿರಲಿ ಅಂತ ಬೋಲ್ಟ್ ತೂತುಗಳಿಗೆ ಮರದ ಚೌಕಟ್ಟು ಕಟ್ಟಿದ್ದೆ. ಬಾಗಿಲು ತೆಗೆದಾಗ ಹಳೇ ಥಿನ್ನರಿನ ವಾಸನೆ ಮೂಗಿಗೆ ಹೊಡೆಯಿತು. "ಇನ್ನು ನನ್ನ ಪ್ಯಾಂಟೆಲ್ಲ ಪೇಂಟ್ ವಾಸನೆ ಬರ್ತವಲ್ಲೋ" ಅಂತ ಗೆಳೆಯ ಬೈದ. ನನಗೆ ಖುಷಿ, ಬರಬೇಕಾದ್ದು ಹೊರಗೆ ಬಂತು ಅಂತ.

ಕಾರ್ಖಾನೆಯಲ್ಲೂ ಇದು ಹಳೇ ತಲೆನೋವು. ಅಲ್ಲಿ ಪ್ಯಾನೆಲ್ ಇನ್ನೂ ಅಚ್ಚಿನಲ್ಲಿರುವಾಗಲೇ ಒಂದು ಪದರ ಒಳಗೆ ಹರಿಸಿ ತೂತು ಮುಚ್ಚುತ್ತಾರೆ, ಇಲ್ಲವೇ ಯುವಿ ಬೆಳಕಿನಲ್ಲಿ ಗಟ್ಟಿಯಾಗುವ ಪ್ರೈಮರ್ ಹೊಡೆಯುತ್ತಾರೆ. ನನ್ನ ಹತ್ತಿರ ಇರುವುದು ಎಪಾಕ್ಸಿ, ಎರಡು ಭಾಗ ಬೆರೆಸಿ ಹಚ್ಚುವ ಇನ್ನೊಂದು ರೆಸಿನ್. ಅಂಚುಗಳಿಗೆ ಬ್ರಷ್ಷಿನಿಂದ ಎಪಾಕ್ಸಿ ತಿಕ್ಕಿ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ, ಮೇಲೆ ಎಪಾಕ್ಸಿ ಪ್ರೈಮರ್ ಕೊಟ್ಟೆ. ತಗಡಿನ ಪೇಂಟರುಗಳು ಅಭ್ಯಾಸಬಲದಿಂದ ಎಚ್ (etch) ಪ್ರೈಮರ್ ಹೊಡೆಯುವುದುಂಟು. ಅದರಲ್ಲಿರುವ ಆಸಿಡ್ ಲೋಹವನ್ನು ಕಚ್ಚಲು ಇರುವುದು. ಫೈಬರಿನಲ್ಲಿ ಅದಕ್ಕೆ ಕಚ್ಚಲು ಏನೂ ಇಲ್ಲ.

ಗೈಡ್ ಕೋಟ್, ಅಂದರೆ ಮೇಲ್ಮೈಯ ಲೋಪ ತೋರಿಸುವ ಕಪ್ಪು ಪುಡಿ ಸವರಿದಾಗ ಉಳಿದ ಪಿನ್‌ಹೋಲುಗಳು ಚುಕ್ಕಿ ಚುಕ್ಕಿಯಾಗಿ ಕಂಡವು. ಎರಡು ದಿಕ್ಕಿನಿಂದಲೂ ಸಣ್ಣ ಪುಟ್ಟಿ ಒತ್ತಿ ಮುಚ್ಚಿದ್ದಾಯಿತು.

ಜೂನ್

ಬಣ್ಣ ಹೊಡೆಯಲು ನಸುಕಿನ ಹೊತ್ತು ಆರಿಸಿಕೊಂಡೆ. ಗಾಳಿ ಎದ್ದರೆ ಅದಿರಿನ ಕೆಂಪು ಧೂಳು ಶೆಡ್ಡಿನ ಸಂದುಗೊಂದಿಯಲ್ಲೂ ನುಗ್ಗುತ್ತದೆ. ಫೈಬರಿಗೆ ಇನ್ನೊಂದು ಚಾಳಿ ಇದೆ, ಒಣ ಬಟ್ಟೆಯಲ್ಲಿ ಒರೆಸಿದಷ್ಟೂ ಸ್ಟ್ಯಾಟಿಕ್ ಹುಟ್ಟಿ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ. ನೆಲಕ್ಕೆ ನೀರು ಚಿಮುಕಿಸಿ, ಆಂಟಿಸ್ಟ್ಯಾಟಿಕ್ ಕ್ಲೀನರಿನಲ್ಲಿ ಒರೆಸಿ, ನಿಧಾನ ಆರುವ ಥಿನ್ನರಿನಲ್ಲಿ ತೆಳ್ಳಗೆ ಹೊಡೆದೆ. ಟು-ಕೆ, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಕ್ಲಿಯರಿನ ಆ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಅಪಾಯ. ಕರ್ಚೀಫ್ ಕಟ್ಟಿಕೊಂಡು ಹೊಡೆಯುವವರನ್ನು ನೋಡಿದರೆ ಭಯವಾಗುತ್ತದೆ. ನಾನು ಹೊರಗಿನಿಂದ ಪೈಪಿನಲ್ಲಿ ಗಾಳಿ ಬರುವ ಮಾಸ್ಕನ್ನು ಬಾಡಿಗೆಗೆ ತಂದಿದ್ದೆ.

ಫೆಂಡರುಗಳನ್ನು ಒಣಗಿದ ಮೇಲೆ ಬೇಕೆಂದೇ ಬಿಸಿಲಲ್ಲೇ ಇಟ್ಟೆ. ಅಂಚು ಇದುವರೆಗೆ ನುಣುಪಾಗಿದೆ. ಆದರೆ ಮಳೆಯ ಮೋಡ ಬಂದ ಮೇಲಿನ ಬಿಸಿಲು ಪರೀಕ್ಷೆಗೆ ಸಾಲದು, ಮುಂದಿನ ಏಪ್ರಿಲ್ ದಾಟಲಿ. ಪಾಲಿಶ್ ಹಿಡಿದಾಗಲೂ ಅಂಚಿನಲ್ಲಿ ಮಷಿನ್ ನಿಲ್ಲಿಸಲಿಲ್ಲ. ತಗಡಿನ ಹಾಗೆ ಫೈಬರ್ ಬಿಸಿಯನ್ನು ಹರಡುವುದಿಲ್ಲ, ಕ್ಲಿಯರ್ ಬೇಗ ಸುಟ್ಟುಹೋಗುತ್ತದೆ.

ಇನ್ನು ಬಾನೆಟ್. ನೇಯ್ಗೆ ಕಾಣುವುದಕ್ಕೆ ಕಾರಣ, ಬಿಸಿಗೆ ಕಾರ್ಬನ್ ಬಟ್ಟೆಯನ್ನು ಹಿಡಿದಿಟ್ಟ ಎಪಾಕ್ಸಿ ಹಿಗ್ಗುತ್ತದೆ, ಕಾರ್ಬನ್ ಎಳೆ ಉದ್ದಕ್ಕೆ ಹೆಚ್ಚೂ ಕಡಿಮೆ ಹಿಗ್ಗುವುದೇ ಇಲ್ಲ. ಅರೆಬೆಂದ ರೆಸಿನ್ ನಮ್ಮ ಬಿಸಿಲಲ್ಲಿ ಮತ್ತಷ್ಟು ಬೆಂದು ಕುಗ್ಗಿದಾಗ ಎಳೆಗಳ ಗುರುತು ಮೇಲೆ ಬರುತ್ತದೆ. ಒಂದು ಬೇಸಿಗೆ ಪೂರ್ತಿ ಕುಗ್ಗಲಿ ಅಂತ ಅದನ್ನು ಈಗಲೇ ಉಜ್ಜುತ್ತಿಲ್ಲ. ಬೋಲ್ಟಿನ ಗುಳ್ಳೆ ಮಾತ್ರ ಕಾಯುವಂಥದ್ದಲ್ಲ. ಕಾರ್ಬನ್ನಿಗೆ ಅಲ್ಯೂಮಿನಿಯಂ ನೇರವಾಗಿ ತಾಗಿ, ನಡುವೆ ತೇವ ಸೇರಿದರೆ ಅದೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ, ಅಲ್ಯೂಮಿನಿಯಂ ಕೊಳೆಯುತ್ತದೆ. ಬಿಚ್ಚಿ ನೋಡಿದರೆ ಬೋಲ್ಟಿನ ಕೆಳಗಿನ ಅಲ್ಯೂಮಿನಿಯಂ ಬುಷ್ (ತೂತಿನೊಳಗೆ ಕೂರುವ ಕೊಳವೆ) ಬಿಳಿ ಪುಡಿಯಾಗಿತ್ತು. ಸ್ಟೇನ್‌ಲೆಸ್ ಬುಷ್, ನೈಲಾನ್ ವಾಷರ್ ಹೇಳಿದ್ದೇನೆ. ಬಂದ ಮೇಲೆ ತೂತಿನ ಒಳಗೋಡೆಗೆ ಎಪಾಕ್ಸಿ ಹಚ್ಚಿ ಕೂರಿಸಬೇಕು.