ಸೊನ್ನೆ ಬೇಡ, 0.08 ಸಾಕು

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ರೀಫ್ ಟ್ಯಾಂಕಿನ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಮ್ಮಿನ, ಫಾಸ್ಫೇಟ್ (ಪಾಚಿಗೆ ಗೊಬ್ಬರವಾಗುವ ಲವಣ) 0.35 ಪಿಪಿಎಂ, ಅಂದರೆ ಲೀಟರಿಗೆ 0.35 ಮಿಲಿಗ್ರಾಮ್, ಮುಟ್ಟಿತ್ತು. ಈಗ 0.08ರ ಆಸುಪಾಸಿನಲ್ಲಿದೆ. ಇನ್ನೂ ಯಾಕೆ ಇಳಿಸಲಿಲ್ಲ ಅಂತ ಕೆಲವರು ಕೇಳಿದರು. ಬೇಕಂತಲೇ ಇಳಿಸಲಿಲ್ಲ.

ಟ್ಯಾಂಕ್ 75 ಗ್ಯಾಲನ್ನಿನದು. ಕಲ್ಲು, ಮರಳಿನ ಜಾಗ ಕಳೆದು ಕೆಳಗಿನ ಸಂಪ್ ಸೇರಿಸಿದರೆ ಸುಮಾರು 250 ಲೀಟರ್ ಉಪ್ಪುನೀರು. ಮೀನು ಅಂದರೆ ಒಂದು ಹಳದಿ ಟ್ಯಾಂಗ್, ಒಂದು ಜೋಡಿ ಕ್ಲೌನ್. ಹವಳ ಅಂದರೆ ಹ್ಯಾಮರ್, ಮಾಂಟಿಪೋರಾ, ಮೇಲುಗಡೆ ಒಂದೇ ಒಂದು ಅಕ್ರೊಪೋರಾ. ಮನೆ ಇರುವುದು ಶಿಕಾಗೋ ಪಕ್ಕದಲ್ಲಿ. ಊರಿನ ಹೆಸರು ಹೇಳಿದ್ದಕ್ಕೆ ಕಾರಣ ಇದೆ. ಇಲ್ಲಿ ನಲ್ಲಿಯಲ್ಲಿ ಬರುವುದು ಮಿಶಿಗನ್ ಸರೋವರದ ನೀರು. ಹಳೇ ಪೈಪುಗಳ ಸೀಸ ನೀರಿಗೆ ಇಳಿಯಬಾರದು ಅಂತ ಶಿಕಾಗೋ ನಗರ ಅದಕ್ಕೆ ಫಾಸ್ಫೇಟ್ ಬೆರೆಸುತ್ತದೆ. ಪೈಪಿನ ಒಳಗೆ ಅದು ಒಂದು ಪದರ ಕಟ್ಟುತ್ತದೆ. ಕುಡಿಯುವವರಿಗೆ ಒಳ್ಳೆಯದೇ, ಹವಳಕ್ಕಲ್ಲ. ಹಾಗಾಗಿ ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸದೆ ನಮ್ಮ ಆರ್‌ಓ ಡಿಐ ಫಿಲ್ಟರ್ ಶುದ್ಧ ಮಾಡಿದ ನೀರಿಗೆ ನಾನು ಉಪ್ಪು ಹಾಕುವುದಿಲ್ಲ.

ಅಂದಮೇಲೆ 0.35 ಬಂದದ್ದು ನೀರಿನಿಂದ ಅಲ್ಲ, ಊಟದಿಂದ. ಮೇ ತಿಂಗಳಲ್ಲಿ ಮೈಸೂರಿನಿಂದ ನಮ್ಮ ಮಾವ ಬಂದಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ಅವರಿಗೆ ಜೊತೆ ಅಂದರೆ ಟಿವಿ ಮತ್ತು ಮೀನು. ಅವರು ಸೋಫಾದಿಂದ ಏಳುವುದೇ ತಡ, ಟ್ಯಾಂಗ್ ಗಾಜಿಗೆ ಬಂದು ಅಂಟಿಕೊಳ್ಳುತ್ತಿತ್ತು. "ಬೆಳಿಗ್ಗೆ ಹಾಕಿದೀನಿ ಮಾವ" ಅಂದರೆ, "ಪಾಪ, ಹೆಂಗೆ ನೋಡ್ತಾ ಇದೆ ನೋಡಮ್ಮ" ಅಂತ ಇನ್ನೊಂದು ಚಿಟಿಕೆ ಹಾಕುತ್ತಿದ್ದರು. ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ. ಮೀನುಗಳು ತಿಂದು ದುಂಡಗಾದವು ಕೂಡ.

ಲೆಕ್ಕ ನೋಡಿ. ಒಣ ಆಹಾರದಲ್ಲಿ ರಂಜಕ (ಫಾಸ್ಫರಸ್) ಶೇ 1ರಷ್ಟಿದೆ ಅಂತಿಟ್ಟುಕೊಳ್ಳೋಣ. ದಿನಕ್ಕೆ ಒಂದು ಗ್ರಾಮ್ ಹಾಕಿದರೆ 10 ಮಿಲಿಗ್ರಾಮ್ ರಂಜಕ, ಆಮ್ಲಜನಕದ ತೂಕವೂ ಸೇರಿ ಫಾಸ್ಫೇಟಿನ ಲೆಕ್ಕದಲ್ಲಿ 30 ಮಿಲಿಗ್ರಾಮ್. 250 ಲೀಟರಿಗೆ ಹಂಚಿದರೆ 0.12 ಪಿಪಿಎಂ. ಒಂದೇ ದಿನಕ್ಕೆ! ಮೀನು, ಹವಳದ ಮೈಗೆ ಹತ್ತುವುದು ಸ್ವಲ್ಪ. ಮಿಕ್ಕಿದ್ದು ಹೇಗಾದರೂ ಆಚೆ ಹೋಗಲೇಬೇಕು. ಫ್ರೋಜನ್ ಮೈಸಿಸ್ಸನ್ನು (ಸಣ್ಣ ಸಿಗಡಿಯಂಥ ಜೀವಿ) ಜರಡಿಯಲ್ಲಿ ತೊಳೆದು ಹಾಕಿ ಅನ್ನುತ್ತಾರೆ. ತೊಳೆಯಿರಿ, ಬೇಡ ಅನ್ನಲ್ಲ. ಆದರೆ ರಂಜಕದ ದೊಡ್ಡ ಪಾಲು ಇರುವುದು ಮಾಂಸದೊಳಗೆ, ತೊಳೆದ ನೀರಿನಲ್ಲಲ್ಲ.

ಅಳೆಯುವ ವಿಷಯ ಬೇಗ ಮುಗಿಸುತ್ತೇನೆ. ಹನ್ನಾ ಕಂಪನಿಯ ಚೆಕರ್ ಅನ್ನುವ ಪುಟ್ಟ ಮೀಟರುಗಳಲ್ಲಿ 713 ಮಾದರಿಯದು 0.04 ಪಿಪಿಎಂ ಆಚೀಚೆ ಆಗಬಹುದು ಅಂತ ಕಂಪನಿಯೇ ಹೇಳುತ್ತದೆ. 0.03 ತೋರಿಸಿದರೆ ಅದು ಸೊನ್ನೆಯೂ ಆಗಿರಬಹುದು, ಅಲ್ವಾ? ಅದಕ್ಕೇ ನಾನು 736 ಬಳಸುತ್ತೇನೆ. ಅದು ರಂಜಕವನ್ನು ಪಿಪಿಬಿಯಲ್ಲಿ, ಅಂದರೆ ಪಿಪಿಎಂನ ಸಾವಿರದ ಒಂದು ಪಾಲಿನಲ್ಲಿ, ಕೊಡುತ್ತದೆ. ಫಾಸ್ಫೇಟಿನ ಪಿಪಿಎಂ ಬೇಕಾದರೆ 3.07ರಿಂದ ಗುಣಿಸಿ ಸಾವಿರದಿಂದ ಭಾಗಿಸಬೇಕು. 26 ಬಂದರೆ 0.08. ಗಾಜಿನ ಸೀಸೆಯ ಮೇಲೆ ಬೆರಳಚ್ಚು ಇದ್ದರೆ ಆ ಓದಿಗೆ ಬೆಲೆಯಿಲ್ಲ.

ಇಳಿಸಲು ಬಳಸಿದ್ದು ಜಿಎಫ್‌ಓ. ಕಬ್ಬಿಣದ ಆಕ್ಸೈಡಿನ ಕಂದು ಹರಳು, ತುಕ್ಕಿನ ದಾಯಾದಿ. ಸಣ್ಣ ರಿಯಾಕ್ಟರಿನಲ್ಲಿ ಹಾಕಿ ನೀರು ಹಾಯಿಸಿದರೆ ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದ ಅಳತೆಯ ಅರ್ಧಕ್ಕಿಂತಲೂ ಕಮ್ಮಿ ಹಾಕಿದೆ. ಓದು ಇಳಿಯಿತು. ಹರಳು ತೆಗೆದ ಕೆಲವೇ ದಿನಕ್ಕೆ ಮತ್ತೆ ಏರಿತು. ಹೊಸಬರು ಟೆಸ್ಟ್ ಕಿಟ್ಟನ್ನು ಬೈಯುವುದು ಇಲ್ಲೇ. ಕಿಟ್ ಸರಿಯಾಗೇ ಇರುತ್ತದೆ. ನಮ್ಮ ಕಲ್ಲು, ಮರಳು ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿನಲ್ಲಿ ಫಾಸ್ಫೇಟ್ ಜಾಸ್ತಿ ಇದ್ದಾಗ ಅದು ಅವುಗಳ ಮೈಗೆ ಅಂಟುತ್ತದೆ. ನೀರಿನಲ್ಲಿ ಕಮ್ಮಿಯಾದರೆ ಅವು ಬಿಟ್ಟುಕೊಡುತ್ತವೆ. ಮೀಟರಿಗೆ ಕಾಣುವುದು ನೀರಿನಲ್ಲಿರುವುದು ಮಾತ್ರ. ಬೇಸಿಗೆಯಿಡೀ ಕಲ್ಲು ಕುಡಿದದ್ದು ಒಂದು ವಾರಕ್ಕೆ ಖಾಲಿಯಾಗುತ್ತಾ? ಚಳಿಗಾಲ ಪೂರ್ತಿ ಹಿಡಿಯಿತು.

ಅವಸರ ಪಟ್ಟರೆ ಅಕ್ರೊಪೋರಾ ಮೊದಲು ಹೋಗುತ್ತದೆ. ಜಾಸ್ತಿ ಫಾಸ್ಫೇಟ್ ಹವಳದ ಅಸ್ಥಿ ಕಟ್ಟುವ ಕೆಲಸಕ್ಕೆ ಅಡ್ಡ ಬರುತ್ತದೆ, ನಿಜ. ಆದರೆ ಫಾಸ್ಫೇಟ್ ದಿಢೀರನೆ ಇಲ್ಲವಾದರೆ ಹವಳದ ಬಣ್ಣ ಬಿಳಚಿಕೊಳ್ಳುತ್ತದೆ, ಬುಡದಿಂದ ಮಾಂಸ ಕಳಚಲೂಬಹುದು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದ ಟ್ಯಾಂಕಿನಲ್ಲಿ ಡೈನೋಫ್ಲಾಜೆಲೇಟ್ ಅನ್ನುವ ಒಂಟಿ ಕಣದ ಜೀವಿ ಎದ್ದರೆ ಮರಳಿನ ಮೇಲೆ ಗುಳ್ಳೆ ತುಂಬಿದ ಕಂದು ಲೋಳೆ. ಅದಕ್ಕಿಂತ ಗಾಜಿನ ಹಸಿರು ಪಾಚಿ ಎಷ್ಟೋ ವಾಸಿ, ಉಜ್ಜಿದರೆ ಹೋಗುತ್ತದೆ.

ಲ್ಯಾಂಥನಮ್ ಕ್ಲೋರೈಡ್ ಹನಿ ಹನಿ ಬಿಟ್ಟು ಬೇಗ ಇಳಿಸುವವರಿದ್ದಾರೆ. ನೀರು ಮಬ್ಬಾಗಿ ಬಿಳಿ ಪುಡಿ ಕಟ್ಟುತ್ತದೆ, ಅದನ್ನು 5 ಅಥವಾ 10 ಮೈಕ್ರಾನಿನ ಫಿಲ್ಟರ್ ಚೀಲದಲ್ಲಿ ಹಿಡಿಯಬೇಕು. ಟ್ಯಾಂಗ್‌ಗಳಿಗೆ ತೊಂದರೆಯಾಯಿತು ಅಂತ ಹೇಳುವವರು ಹಲವರು. ಟ್ಯಾಂಗ್ ಸಾಕಿರುವ ನಾನು ಆ ಬಾಟಲಿ ಮುಟ್ಟಿಲ್ಲ.

ಊಟ ಕಮ್ಮಿ ಮಾಡುವ ಬದಲು ಫಾಸ್ಫೇಟ್ ಆಚೆ ಹೋಗುವ ದಾರಿ ದೊಡ್ಡದು ಮಾಡಿದೆ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರಿನ ಕಪ್ಪನ್ನು ತಪ್ಪದೆ ತೊಳೆಯುತ್ತೇನೆ. ಸಂಪಿನಲ್ಲಿ ಚೀಟೋ ಅನ್ನುವ ಗುಂಗುರು ಪಾಚಿ ಬೆಳೆಸಿದ್ದೇನೆ. ಅದರ ಲೈಟ್ ಉರಿಯುವುದು ರಾತ್ರಿ ಹೊತ್ತು, ಪಿಎಚ್ ತೀರಾ ಇಳಿಯದಿರಲಿ ಅಂತ. ಉಂಡೆ ದೊಡ್ಡದಾದಾಗ ಅರ್ಧ ಕಿತ್ತು, ಒಣಗಿಸಿ ಕಸಕ್ಕೆ ಹಾಕುತ್ತೇನೆ. ಕೆರೆಗಾಗಲಿ ಚರಂಡಿಗಾಗಲಿ ಎಸೆಯಬೇಡಿ. ಒಂದು ಹಿಡಿ ಮಾತ್ರ ಟ್ಯಾಂಗಿಗೆ. ತೆಗೆದದ್ದನ್ನು ವಾಪಸ್ ಹಾಕಿದ ಹಾಗಾಯಿತಲ್ಲ ಅನ್ನಬಹುದು. ಆದರೆ ಅದಕ್ಕೆ ತಿನ್ನಿಸುವ ನೋರಿ ಹಾಳೆ (ಒಣಗಿಸಿದ ಕಡಲ ಪಾಚಿ) ಅಷ್ಟು ಉಳಿಯುತ್ತದೆ, ಹೊರಗಿನಿಂದ ಹೊಸ ಫಾಸ್ಫೇಟ್ ಬರುವುದಿಲ್ಲ. ಟ್ಯಾಂಗಿಗೆ ಮನಸ್ಸಿದ್ದರೆ ತಿನ್ನುತ್ತದೆ. ಇಲ್ಲದಿದ್ದರೆ ಸಂಜೆ ನಾನೇ ಹೊರಗೆ ತೆಗೆಯುತ್ತೇನೆ.