ಜೋಗಿಮಟ್ಟಿಯಿಂದ ಮಾರಿಕಣಿವೆಗೆ: ಬೆನ್ನ ಮೇಲೆ ನೀರು ಹೊತ್ತು

ಚಿತ್ರದುರ್ಗಕ್ಕೆ ಬಂದವರು ಕೋಟೆ ಹತ್ತಿ, ಓಬವ್ವನ ಕಿಂಡಿ ಮುಂದೆ ಫೋಟೊ ತೆಗೆಸಿಕೊಂಡು ಸಂಜೆ ಬಸ್ಸಿಗೆ ಹೊರಟುಬಿಡುತ್ತಾರೆ. ಊರಿನ ದಕ್ಷಿಣಕ್ಕೆ ಎದ್ದ ಗುಡ್ಡಸಾಲು ವಾಣಿವಿಲಾಸ ಸಾಗರ ಅಣೆಕಟ್ಟೆ ಇರುವ ಮಾರಿಕಣಿವೆ ತನಕ ಚಾಚಿದೆ ಅನ್ನೋದು ಊರವರಿಗೇ ಅಷ್ಟಾಗಿ ನೆನಪಿರಲ್ಲ. ಕುದುರೆಮುಖದ ಬುಕಿಂಗ್ ಸಿಗದೆ ಗೊಣಗುತ್ತಿದ್ದ ಗೆಳೆಯರನ್ನು ಕಾರ್ತಿಕದಲ್ಲಿ ನಾನು ಎಳೆದುತಂದದ್ದು ಈ ಸಾಲಿಗೆ. ಮಲೆನಾಡಿನ ಚಾರಣದಲ್ಲಿ ಜಿಗಣೆಯ ಚಿಂತೆ. ಇಲ್ಲಿ ಚಿಂತೆಯೆಲ್ಲ ನೀರಿನದು.

ಜೋಗಿಮಟ್ಟಿ 2015ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಒಳಗೆ ಟೆಂಟ್ ಹಾಕುವಂತಿಲ್ಲ. ಹಾಗಾಗಿ ಹಗಲು ಕಾಡು, ರಾತ್ರಿ ತಪ್ಪಲಿನ ಹಳ್ಳಿಯ ಗುಡಿ ಜಗುಲಿ ಅಂತ ಮಾತಾಯಿತು. ಒಬ್ಬೊಬ್ಬರಿಗೆ ಐದು ಲೀಟರ್ ನೀರು, ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ದಾವಣಗೆರೆಯ ಗೆಳೆಯ ಇವೆಲ್ಲದರ ಮೇಲೆ ಒಂದು ಚೀಲ ನರ್ಗೀಸ್ ಮಂಡಕ್ಕಿ ಹೇರಿಕೊಂಡು ಬಂದಿದ್ದ. ತೂಕವಿಲ್ಲ, ಗಾತ್ರ ಮಾತ್ರ ಆನೆಯಷ್ಟು. ಮುಳ್ಳುಕಂಟಿ ಎದುರಾದಲ್ಲೆಲ್ಲ ಮೊದಲು ಸಿಕ್ಕಿಕೊಂಡದ್ದು ಆ ಚೀಲವೇ.

ಚಂದ್ರವಳ್ಳಿಯಿಂದ ಹೊರಟೆವು. ಅಲ್ಲಿನ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅದರಲ್ಲಿರುವುದು ಕೆರೆ ಕಟ್ಟಿಸಿದ ಸುದ್ದಿ. ನಮ್ಮ ಜೊತೆಗಿದ್ದ ಮೇಷ್ಟ್ರು, “ಇಲ್ಲಿ ರಾಜ ಆಗ್ಬೇಕು ಅಂದ್ರೆ ಮೊದ್ಲು ಕೆರೆ ಕಟ್ಟಿಸ್ಬೇಕು ನೋಡ್ರಿ” ಅಂದರು. ಕೋಟೆಯೊಳಗಿನ ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ನೋಡಿದವರಿಗೆ ಆ ಮಾತು ತಟ್ಟನೆ ಅರ್ಥವಾಗುತ್ತದೆ. ಪಶ್ಚಿಮಘಟ್ಟದ ಮಳೆನೆರಳಿನ ಈ ನೆಲದಲ್ಲಿ ಪಾಳೆಗಾರರು ಕಲ್ಲಿನ ಗೋಡೆಗೆ ಕೊಟ್ಟಷ್ಟೇ ಗಮನವನ್ನು ಹರಿಯುವ ಹನಿಗೂ ಕೊಟ್ಟಿದ್ದರು.

ಆಡುಮಲ್ಲೇಶ್ವರ ದಾಟಿದ ಮೇಲೆ ಏರು. ಜೋಗಿಮಟ್ಟಿಯ ನೆತ್ತಿಗೆ ಟಾರು ರಸ್ತೆಯೇ ಇದೆ. ಆದರೂ ಬೆನ್ನ ಮೇಲೆ ಅಷ್ಟು ನೀರು ಹೊತ್ತವನಿಗೆ ಟಾರಾದರೇನು, ಕಲ್ಲಾದರೇನು! ಸುಮಾರು 3,800 ಅಡಿ ಎತ್ತರದ ಆ ನೆತ್ತಿಯಲ್ಲಿ ಗಾಳಿ ಟೋಪಿಯನ್ನೂ ಮಾತನ್ನೂ ಒಟ್ಟಿಗೆ ಹಾರಿಸಿಕೊಂಡು ಹೋಯಿತು. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಅವುಗಳಿಂದ ಗುಡ್ಡದ ಅಂದ ಕೆಟ್ಟಿತು ಅಂತ ಮೇಷ್ಟ್ರ ವಾದ. ನನಗೆ ಹಾಗನ್ನಿಸಲಿಲ್ಲ. ಯಂತ್ರಕ್ಕಿಂತ, ಅದನ್ನು ಸಾಗಿಸಲು ಗುಡ್ಡದ ಮೈ ಸೀಳಿ ಮಾಡಿದ ರಸ್ತೆಗಳೇ ಕಣ್ಣಿಗೆ ಚುಚ್ಚುತ್ತವೆ.

ಇಳಿಜಾರಿನಲ್ಲಿ ನಿಜವಾದ ಪರೀಕ್ಷೆ. ಎದೆಮಟ್ಟದ ಒಣಹುಲ್ಲು, ಅದರ ಊಬು ಪ್ಯಾಂಟು, ಕಾಲುಚೀಲ ಎಲ್ಲ ತೂರಿ ಚರ್ಮಕ್ಕೆ ಚುಚ್ಚುತ್ತದೆ. ಹುಲ್ಲು ತಪ್ಪಿಸಿದರೆ ಕಾರೆಮುಳ್ಳು, ಅದನ್ನೂ ತಪ್ಪಿಸಿದರೆ ಲಂಟಾನ. ಕಾಲಡಿಗೆ ಉರುಳುವ ಹರಳುಕಲ್ಲು. ನಡುವೆ ಒಂದೆರಡು ಸೀತಾಫಲದ ಗಿಡ, ಹಕ್ಕಿ ತಿಂದು ಉಳಿದ ಹಣ್ಣು. ಮುಂದೆ ನಡೆಯುತ್ತಿದ್ದ ಅರಣ್ಯ ಇಲಾಖೆಯ ವಾಚರಣ್ಣ ಒಂದು ಹುತ್ತದ ಮುಂದೆ ಕೈ ಅಡ್ಡ ಹಿಡಿದು ನಿಂತರು. ಹುತ್ತ ಬುಡದ ತನಕ ಬಗೆದುಹೋಗಿತ್ತು, ಮಣ್ಣು ಇನ್ನೂ ಹಸಿ.

“ಕರಡಿ. ರಾತ್ರಿ ಬಂದೋಗೈತೆ.”

“ಚಿರತೆನೂ ಇದಾವಾ ಅಣ್ಣ?”

“ಐತೆ. ಅದು ನಿಮ್ಮನ್ನ ನೋಡಿ ತಾನೇ ಪಕ್ಕಕ್ಕೆ ಸರೀತದೆ. ಇದಕ್ಕೆ ಕಿವೀನೂ ಮಂದ, ಕಣ್ಣೂ ಮಂದ. ಎದುರಿಗೆ ಬಂದ್ಮೇಲೇ ಗಾಬರಿಯಾಗಿ ಮೇಲೆ ಬೀಳ್ತದೆ. ಮಾತಾಡ್ತಾ ನಡೀರಿ.”

ಕಾಡಲ್ಲಿ ಸದ್ದು ಮಾಡಬಾರದು ಅಂತ ಬೆಳಗಿನಿಂದ ನಮ್ಮ ಬಾಯಿ ಮುಚ್ಚಿಸಿದ್ದ ಮೇಷ್ಟ್ರೇ ಅಲ್ಲಿಂದ ತಪ್ಪಲು ಸಿಗುವವರೆಗೆ ಗಟ್ಟಿಯಾಗಿ ವಚನ ಹೇಳಿಕೊಂಡು ನಡೆದರು.

ಮರುದಿನ ಧಾಮದ ಗಡಿ ಬಿಟ್ಟು ತಪ್ಪಲಿನ ಗಾಡಿಜಾಡು ಹಿಡಿದೆವು. ದಾರಿ ಸಪಾಟು, ಬಿಸಿಲು ಮಾತ್ರ ಬೇಸಿಗೆಯದ್ದೇ. ನಕ್ಷೆಯಲ್ಲಿ ನೀಲಿ ಗೆರೆಯಾಗಿದ್ದ ಹಳ್ಳ ಎದುರಾದಾಗ ಬರೀ ಮರಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬಾಟಲಿ ತಳ ಕಂಡಿತ್ತು. ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ನಮ್ಮ ಮುಖ ನೋಡಿಯೇ, “ಬರ್ರಿ, ತೋಟದಾಗೆ ಬೋರ್ ಐತೆ, ಕರೆಂಟ್ ಇನ್ನೊಂದು ಗಂಟೆ ಇರ್ತದೆ” ಅಂದ. ನಾವು ಬೋರಿನ ಬಾಯಿಗೆ ತಲೆಯೊಡ್ಡಿ ನಿಂತಿದ್ದಾಗ ಆತ ಮಂಡಕ್ಕಿ ಚೀಲ ನೋಡಿ ನಕ್ಕ. ಬದುವಿನ ಮೇಲೆ ಟವಲು ಹಾಸಿ, ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಕಲಸಿದೆವು. ಗುಡ್ಡದುದ್ದಕ್ಕೂ ಬೈಸಿಕೊಂಡ ದಾವಣಗೆರೆಯವನು ಅವತ್ತು ಎದೆ ಸೆಟೆಸಿ ಕೂತು ಉಂಡ.

ಕೊನೆಯ ಬೆಳಗ್ಗೆ ವಾಣಿವಿಲಾಸ ಸಾಗರ. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾವತಿ ಎರಡು ಗುಡ್ಡಗಳ ಸಂದಿಯಲ್ಲಿ ನುಸುಳುವ ಜಾಗಕ್ಕೆ ಅಡ್ಡಲಾಗಿ, 1907ರಲ್ಲಿ ಮುಗಿದ ಕಲ್ಲಿನ ಕಟ್ಟೆ. ಪೂರ್ಣಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಕಣಿವೆ ಮಾರಮ್ಮನ ಗುಡಿ ಹತ್ತಿರ ಹಣ್ಣುಕಾಯಿ ಮಾರುವ ಅಜ್ಜಿ, “ನಮ್ಮಪ್ಪ ಕೋಡಿ ನೋಡಿದ್ದೆ ಅಂತ ಹೇಳ್ತಿದ್ದ. ಸುಳ್ಳು ಹೇಳ್ತಾನೆ ಅನ್ಕಂಡಿದ್ದೆ ಕಣಪ್ಪ, ನಾನೂ ನೋಡಿದೆ” ಅಂತ ಹೇಳುತ್ತಲೇ ಹಿಡಿಗಾಯಿ ಚೂರು ಕೊಟ್ಟಳು. ಅಷ್ಟರಲ್ಲಿ ಹಿರಿಯೂರಿನ ಬಸ್ಸು ಹಾರ್ನ್ ಹೊಡೆಯಿತು. ಊಬು ಕೀಳುತ್ತ ಕೂತಿದ್ದ ಮೇಷ್ಟ್ರು ಒಂದೇ ಕಾಲಿಗೆ ಶೂ ಹಾಕಿಕೊಂಡು ಓಡಿದರು.